ಇದ್ದಿಲು ಬಸ್ಸಿನ ಮುಚ್ಚಳ

ಇದ್ದಿಲಿನಲ್ಲಿ ಬಸ್ಸು ಓಡಿಸಿದೆವು ಎಂದರೆ ಈಗಿನವರು ನಗುತ್ತಾರೆ. ನಗಲಿ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಚೀಟಿ ಬಂತು. ಆ ಚೀಟಿಗೆ ಸಿಕ್ಕುತ್ತಿದ್ದುದು ಬಸ್ಸಿನ ಗಂಟಲು ಒದ್ದೆಯಾಗುವಷ್ಟು ಮಾತ್ರ. ಆಗ ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿದರು. ಅದರೊಳಗೆ ಇದ್ದಿಲು ಉರಿಸಿ, ಬರುವ ಗ್ಯಾಸನ್ನು ಕೊಳವೆಯಲ್ಲಿ ಇಂಜಿನ್ನಿಗೆ ಬಿಡುವುದು. ನಾವೆಲ್ಲ ಆ ಡ್ರಮ್ಮನ್ನು ಒಲೆ ಅನ್ನುತ್ತಿದ್ದೆವು.

ನಾನು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನ ಡ್ರೈವರು. ಮಿಸ್ತ್ರಿಯೂ ನಾನೇ. ಓದಿದ್ದು ಮೂರನೇ ಕ್ಲಾಸು. ಆದರೆ ಇಂಜಿನ್ನಿನ ಸದ್ದು ಕೇಳಿ ಯಾವ ನಟ್ಟು ಸಡಿಲವಾಗಿದೆ ಅಂತ ಹೇಳಬಲ್ಲವರು ಆ ದಾರಿಯಲ್ಲಿ ನನ್ನ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಜಂಬ ಇತ್ತು ಅನ್ನುವುದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ ಅಂತ ಬರೆದೆ.

ಒಲೆಯ ಕೆಲಸ ಹೀಗೆ. ಮೇಲಿನ ಮುಚ್ಚಳ ತೆಗೆದು ಎರಡು ಮಂಕರಿ ಇದ್ದಿಲು ಸುರಿಯಬೇಕು. ಜಾಲಿ ಮರದ ಇದ್ದಿಲಾದರೆ ಉತ್ತಮ. ತಟ್ಟಿದರೆ ಬಳೆ ಬಿದ್ದ ಹಾಗೆ ಸದ್ದು ಬರಬೇಕು. ಒದ್ದೆ ಇದ್ದಿಲು ಹಾಕಿದರೆ ಬರೀ ಆವಿ ಬಂದು, ಚಿಕ್ಕರಸಿನಕೆರೆ ದಿಣ್ಣೆಯಲ್ಲಿ ಜನ ಇಳಿದು ತಳ್ಳಬೇಕಾಗುತ್ತದೆ. ಇದ್ದಿಲು ತುಂಬಿದ ಮೇಲೆ ಕೆಳಗಿನ ಗಾಳಿಕಿಂಡಿಯಲ್ಲಿ ಸೀಮೆಎಣ್ಣೆ ಬಟ್ಟೆ ಹಚ್ಚಿಟ್ಟು, ಪಕ್ಕದ ಕೈಫ್ಯಾನನ್ನು ಕಾಲು ಗಂಟೆ ಬಿಡದೆ ತಿರುಗಿಸಬೇಕು. ನಡುನಡುವೆ ಒಂದು ಸಣ್ಣ ನಲ್ಲಿಯ ಬಾಯಿಗೆ ಬೆಂಕಿಕಡ್ಡಿ ಹಿಡಿದು ನೋಡುವುದು. ಮೊದಲು ಹಳದಿ ಉರಿ, ಹೊಗೆ. ಇನ್ನೂ ತಿರುಗಿಸು ಅಂತ ಅರ್ಥ. ಉರಿ ನೀಲಿಗೆ ತಿರುಗಿ ಅಲುಗದೆ ನಿಂತರೆ ಗ್ಯಾಸು ತಯಾರು. ಆಗ ಒಂದು ಗುಟುಕು ಪೆಟ್ರೋಲಿನಲ್ಲಿ ಇಂಜಿನ್ ಎಬ್ಬಿಸಿ, ಮೆಲ್ಲಗೆ ಗ್ಯಾಸಿಗೆ ತಿರುಗಿಸಿಕೊಳ್ಳುವುದು. ಸಂಜೆ ಒಲೆಯ ಹೊಟ್ಟೆಯಿಂದ ಕಿಟ್ಟ ಕೆರೆದು ತೆಗೆಯಬೇಕು, ಬೂದಿ ಕೊಡವಬೇಕು. ಗ್ಯಾಸು ಸೋಸುವ ಪೆಟ್ಟಿಗೆಯ ತೆಂಗಿನ ನಾರನ್ನೂ ಬಟ್ಟೆಯನ್ನೂ ಒಗೆದು ಒಣಗಿಸಬೇಕು. ಒಂದು ದಿನ ತಪ್ಪಿದರೆ ಇಂಜಿನ್ನಿನ ಒಳಗೆ ಮಸಿ.

ಎಲ್ಲಕ್ಕಿಂತ ಮುಖ್ಯ, ದಾರಿಯಲ್ಲಿ ಇದ್ದಿಲು ತುಂಬುವಾಗ ಮುಚ್ಚಳ ತೆಗೆಯುವ ರೀತಿ. ಬಸ್ಸು ನಿಲ್ಲಿಸಿ ಹತ್ತು ನಿಮಿಷ ಸುಮ್ಮನಿರಬೇಕು. ಆಮೇಲೆ ತಿರುಪನ್ನು ಒಂದು ಸುತ್ತು ಸಡಿಲಿಸಿ, ಮುಚ್ಚಳವನ್ನು ಒಂದು ಬೆರಳಗಲ ಸರಿಸಿ, ಸರಳಿನ ತುದಿಗೆ ಉರಿಯುವ ಬಟ್ಟೆ ಸುತ್ತಿ ದೂರದಿಂದ ಆ ಸಂದಿಗೆ ತೋರಿಸಬೇಕು. ಒಳಗೆ ನಿಂತ ಗ್ಯಾಸು ಭುಸ್ ಅಂತ ಹತ್ತಿ, ನೀಲಿಯಾಗಿ ಉರಿದು ತಣ್ಣಗಾಗುತ್ತದೆ. ಆಮೇಲೆಯೇ ಮುಚ್ಚಳ ಪೂರ್ತಿ ತೆಗೆಯುವುದು. ಬೆಂಕಿ ತೋರಿಸದೆ ಒಮ್ಮೆಗೇ ತೆಗೆದರೆ ಹೊರಗಿನ ಗಾಳಿ ಒಳಕ್ಕೆ ನುಗ್ಗಿ, ಉರಿ ಮನುಷ್ಯನೆತ್ತರ ಮೇಲಕ್ಕೆ ಹಾರುತ್ತದೆ. ಇದನ್ನು ನಾನು ಎಷ್ಟೋ ಜನಕ್ಕೆ ಕಲಿಸಿದ್ದೆ.

ನಮ್ಮ ಮಾಲೀಕರಿಗೆ ಎರಡು ಬಸ್ಸು. ನನ್ನದು ಮಳವಳ್ಳಿಗೆ, ಇನ್ನೊಂದು ನಮ್ಮ ತಾಲ್ಲೂಕಿನದೇ ಕೊಪ್ಪದ ಕಡೆಗೆ. ಒಂದೊಂದು ಒಲೆಗೂ ಒಬ್ಬೊಬ್ಬ ಆಳಿದ್ದ. ಆ ವರ್ಷ ಒಬ್ಬ ಪಟಾಲಮ್ಮಿಗೆ ಸಿಪಾಯಿಯಾಗಿ ಸೇರಿಕೊಂಡ. ಇನ್ನೊಬ್ಬ ಮಂಡ್ಯಕ್ಕೆ ಕಾರ್ಖಾನೆ ಕೆಲಸಕ್ಕೆ ಅಂತ ಹೋದವನು ಬರಲಿಲ್ಲ. ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನಾನೇ ಹೋಗಿ ಹೇಳಿದೆ:

"ಯಜಮಾನ್ರೆ, ಆಳು ಸಿಗೋವರೆಗೂ ಎರಡೂ ಒಲೆ ನಾನೇ ನೋಡ್ಕತೀನಿ."

"ಬಸ್ಸು ಓಡಿಸೋದು?"

"ಅದೂ ನಾನೇ."

"ಆಗ್ತದೇನಯ್ಯಾ ಮಿಸ್ತ್ರಿ?"

"ಆಗದೇ ಇದ್ರೆ ನಿಮ್ಮ ಮುಂದೆ ನಿಂತ್ಕೊಂಡು ಹೇಳ್ತಿದ್ನಾ?"

ಅವರು ಆಳು ಹುಡುಕುವುದನ್ನೇ ಬಿಟ್ಟರು. ನಾನೂ ಮತ್ತೆ ಕೇಳಲಿಲ್ಲ. ಕೇಳಿದರೆ ಸೋತ ಹಾಗೆ ಅಂತ ನನ್ನ ಲೆಕ್ಕ.

ಬೆಳಗಿನ ಕೋಳಿ ಕೂಗುವ ಮೊದಲು ಎದ್ದು ಕೊಪ್ಪದ ಬಸ್ಸಿನ ಒಲೆ ಹಚ್ಚಿ, ಆ ಡ್ರೈವರಿಗೆ ನೀಲಿ ಉರಿ ತೋರಿಸಿ ಒಪ್ಪಿಸಬೇಕು. ಆಮೇಲೆ ನನ್ನದನ್ನು ಹಚ್ಚಬೇಕು. ರೈಲು ಇಳಿದ ಜನವನ್ನು ತುಂಬಿಕೊಂಡು ಮಳವಳ್ಳಿಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ. ಸಂಜೆ ಬಂದ ಮೇಲೆ ಎರಡು ಒಲೆಯ ಕಿಟ್ಟ, ಎರಡು ಪೆಟ್ಟಿಗೆಯ ನಾರು. ಹೀಗೆ ಐದು ತಿಂಗಳು ನಡೆಯಿತು.

ಮೊದಲ ತಿಂಗಳು ಮೈಗೆ ಹುರುಪೇ ಇತ್ತು. ಎರಡನೇ ತಿಂಗಳಿಗೆ ತಲೆನೋವು ಹಿಡಿಯಿತು. ಇದ್ದಿಲ ಗ್ಯಾಸಿಗೆ ವಾಸನೆ ಇಲ್ಲ, ತಲೆಗೆ ಹತ್ತಿದ್ದು ಗೊತ್ತಾಗುವುದಿಲ್ಲ. ಎರಡು ಒಲೆಯ ಮಗ್ಗುಲಲ್ಲಿ ಮೂಗಿಟ್ಟುಕೊಂಡು ನಿಂತವನಿಗೆ ಇನ್ನೇನಾಗುತ್ತದೆ. ಹಣೆಗೆ ಬಟ್ಟೆ ಬಿಗಿದು ಓಡಿಸಿದೆ. ಮೂರನೇ ತಿಂಗಳಿಗೆ ನಿದ್ದೆ ಹೋಯಿತು. ಹಾಸಿಗೆಯಲ್ಲಿ ಮಲಗಿದರೂ ಬಲಗೈ ಫ್ಯಾನು ತಿರುಗಿಸುತ್ತಿತ್ತಂತೆ, ಹೆಂಡತಿ ಹಿಡಿದು ನಿಲ್ಲಿಸುತ್ತಿದ್ದಳು. ಊಟಕ್ಕೆ ಕೂತರೆ ತುತ್ತು ಬಾಯಲ್ಲಿರುವಾಗಲೇ ಎದ್ದುಬಿಡುತ್ತಿದ್ದೆ. ಶುಕ್ರವಾರದ ನಮಾಜು ತಪ್ಪಿ ಎಷ್ಟು ವಾರವಾಯಿತು ಅನ್ನುವುದೂ ಮರೆತುಹೋಗಿತ್ತು. ಮಾತು ಬಂದರೆ ಬೈಗುಳವೇ ಬರುತ್ತಿತ್ತು. ಮುದುಕಿಯೊಬ್ಬಳು ಮೆಟ್ಟಿಲು ಹತ್ತುವುದು ತಡವಾಯಿತು ಅಂತ ಅವಳನ್ನು ಬೈದೆ. ಅವಳು, "ನಿಮ್ಮವ್ವಂಗೂ ಇಂಗೇ ಅಂತೀಯೇನಪ್ಪಾ?" ಅಂದಳು. ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಮಾತು ಆ ದಿನವೆಲ್ಲ ಕಿವಿಯಲ್ಲಿತ್ತು, ಆದರೂ ಮಾರನೇ ದಿನ ಇನ್ನೊಬ್ಬರನ್ನು ಬೈದೆ.

ನನ್ನ ಬಸ್ಸಿನ ಕಂಡಕ್ಟರು ಒಕ್ಕಲಿಗರವನು, ನನ್ನ ವಯಸ್ಸಿನವನೇ. ಮದ್ದೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವನ ಮನೆ. ಆರು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು ನಾವು. ಇದ್ದಿಲು ತುಂಬುವಾಗ ಮಂಕರಿ ಎತ್ತಿಕೊಡುವುದು ಅವನ ಕೆಲಸವಲ್ಲ. ಆಳು ಹೋದ ಮೇಲೆ ನನ್ನ ಮೇಲಿನ ಕರುಣೆಗೆ ಎತ್ತಿಕೊಡುತ್ತಿದ್ದ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಎರಡು ಒಲೆ ಒಂದು ಸ್ಟೇರಿಂಗು ಇಟ್ಕಂಡಿದ್ದೀಯಲ್ಲಾ, ಮನೇಲಿ ಒಲೆ ಅಚ್ಚಕ್ಕೆ ಯಾರವ್ರೆ? ಅದ್ನೂ ಒಪ್ಕಂಡ್‌ಬುಡು."

"ನಿನ್ ಟಿಕೀಟು ನೀನ್ ಹರಿಯೋ."

"ಅಲ್ಲ ಕಣ್ಲಾ, ನೆನ್ನೆ ಸ್ಟೇರಿಂಗ್ ಇಡ್ಕಂಡು ಒಬ್ನೇ ಮಾತಾಡ್ತಿದ್ದೆ. ಯಾರ್ ಜೊತೆ?"

"ಇಂಜಿನ್ ಜೊತೆ."

"ಅದೇನಂತು?"

"ಕಂಡಕ್ಟರ್ನ ಇಳ್ಸು ಅಂತು."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಒಂದ್ ವಾರ ಮನೇಲಿರು. ಯಜಮಾನ್ರು ಎಲ್ಲಿಂದಾದ್ರೂ ಆಳು ತತ್ತಾರೆ" ಅಂದ.

"ನಾನಿಲ್ದೆ ಈ ಬಸ್ಸು ಊರು ದಾಟಲ್ಲ."

"ದಾಟ್ದೇ ಓದ್ರೆ ಓಗ್ಲಿ ಬುಡ್ಲಾ. ನೀನ್ ಉಳೀಬೇಕಲ್ಲ."

ಈ ಮಾತಿಗೆ ನನಗೆ ಕೋಪವೇ ಬಂತು. ನನ್ನ ಕೈ ಸೋತಿದೆ ಅಂತ ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೇನೋ ಅಂತ ಅನುಮಾನವೂ ಬಂತು. ಅಷ್ಟು ಕೆಟ್ಟಿತ್ತು ನನ್ನ ಬುದ್ಧಿ.

ಮರೆವು ಬೇರೆ ಶುರುವಾಗಿತ್ತು. ಒಂದು ದಿನ ನಾರು ಹಾಕದೆ ಬರೀ ಬಟ್ಟೆ ಹಾಕಿ ಸೋಸುವ ಪೆಟ್ಟಿಗೆ ಮುಚ್ಚಿದ್ದೆ. ಇನ್ನೊಂದು ದಿನ ಬೂದಿಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಎರಡು ಒಲೆಗೂ ಒಂದೇ ಕೆಲಸ, ಒಂದೇ ಕೈ. ಇದಕ್ಕೆ ಮಾಡಿದ್ದು ಯಾವುದು, ಅದಕ್ಕೆ ಮಾಡಿದ್ದು ಯಾವುದು ಅಂತ ತಲೆಯಲ್ಲಿ ಕಲಸಿಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ಅವತ್ತು ಮಳವಳ್ಳಿ ಸಂತೆ. ಬೆಳಿಗ್ಗೆ ಕೊಪ್ಪದ ಒಲೆಯಲ್ಲಿ ಹಿಂದಿನ ದಿನದ ಕೆಂಡ ಇನ್ನೂ ಉಳಿದಿತ್ತು. ಅದರ ಮುಚ್ಚಳ ಸರಿಸಿ, ಸರಳಿನಿಂದ ಬೆಂಕಿ ತೋರಿಸಿ, ಗ್ಯಾಸು ಸುಟ್ಟು, ಇದ್ದಿಲು ತುಂಬಿದೆ. ಅಷ್ಟರಲ್ಲಿ ರೈಲು ಬಂತು. ಜನ ಕೋಳಿ, ಮೂಟೆ, ಮಕ್ಕಳ ಸಮೇತ ಮುತ್ತಿಕೊಂಡರು. ಆ ಗಡಿಬಿಡಿಯಲ್ಲಿ ನನ್ನ ಬಸ್ಸಿಗೆ ಒಂದೇ ಮಂಕರಿ ಸುರಿದು ಹೊರಟೆ. ತುಂಬಿದ ಬಸ್ಸು, ಕಡಿಮೆ ಇದ್ದಿಲು. ಚಿಕ್ಕರಸಿನಕೆರೆ ದಿಣ್ಣೆ ಹತ್ತುವಾಗ ಇಂಜಿನ್ ಕೆಮ್ಮಿತು. ಜನ ಇಳಿದು ತಳ್ಳಿದರು. ಊರಿನ ಹತ್ತಿರ ಮರದ ನೆರಳಿಗೆ ತಂದು ನಿಲ್ಲಿಸಿದೆ. ಕೆಲವರು ಎಳನೀರಿಗೆ ಹೋದರು. ಉಳಿದವರು ಅಲ್ಲೇ ಕೂತು ಕೂಗತೊಡಗಿದರು.

"ಸಾಬ್ರೇ, ಸಂತೆ ಮುಗಿದ್ ಮೇಲೆ ಬುಟ್ಟೀರಾ?"

"ಎತ್ತಿನ ಗಾಡೀಲಿ ಓಗಿದ್ರೆ ಇಷ್ಟೊತ್ಗೆ ಯಾಪಾರ ಮುಗ್ಸಿ ಉಣ್ತಿದ್ದೊ."

ನಾನು ಒಲೆಯ ಎಡಕ್ಕೆ ಮೆಟ್ಟಿಲ ಮೇಲೆ ನಿಂತೆ. ಕಂಡಕ್ಟರು ಬಲಕ್ಕೆ, ಮಂಕರಿಯನ್ನು ಎದೆಯ ಹತ್ತಿರ ಎತ್ತಿ ಹಿಡಿದು ನಿಂತ. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ನೋಡಲಿಲ್ಲ. ಅವನು ಕೇಳಿದ:

"ಬೆಂಕಿ ತೋರ್ಸ್ದೇನ್ಲಾ?"

"ತೋರ್ಸಿದೀನಿ, ಸುರಿ."

ಸುಳ್ಳು ಹೇಳಲಿಲ್ಲ ನಾನು. ನನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಸರಳು, ಅದರ ತುದಿಯ ಉರಿ, ಭುಸ್ ಅಂದ ಗ್ಯಾಸು. ತೋರಿಸಿದ್ದೇನೋ ನಿಜ. ಆದರೆ ತೋರಿಸಿದ್ದು ಬೆಳಿಗ್ಗೆ, ಮದ್ದೂರಿನಲ್ಲಿ, ಕೊಪ್ಪದ ಬಸ್ಸಿನ ಒಲೆಗೆ. ಆ ಮಾತು ತಲೆಗೆ ಬರುವಷ್ಟರಲ್ಲಿ ನನ್ನ ಕೈ ಮುಚ್ಚಳವನ್ನು ಪೂರ್ತಿ ಎಳೆದಿತ್ತು.

ಉರಿ ಅವನ ಕಡೆಗೆ ಹಾರಿತು. ಗಾಳಿ ಆ ಕಡೆಗೆ ಬೀಸುತ್ತಿತ್ತು ಅಷ್ಟೆ. ನನ್ನ ಹುಬ್ಬು ಸುಟ್ಟಿತು. ಅವನಿಗೆ ಕೆನ್ನೆ, ಕುತ್ತಿಗೆ, ಎಡಗೈ ಮೊಣಕೈವರೆಗೆ. ಮಂಕರಿ ಬಿಟ್ಟು ಕೆಳಕ್ಕೆ ಬಿದ್ದ. ಕೂಗಲೂ ಇಲ್ಲ. ಎದ್ದು ಕೂತು ಕೈಯನ್ನು ಮುಂದೆ ಚಾಚಿಕೊಂಡು ಅದನ್ನೇ ನೋಡುತ್ತಿದ್ದ. ಯಾರೋ ಬಾಳೆ ಎಲೆ ತಂದರು, ಯಾರೋ ಲೋಳೆಸರ ಸೀಳಿ ತಂದರು. ನಾನು ಸೀಟಿನ ಕೆಳಗಿದ್ದ, ಇಂಜಿನ್ ಎಬ್ಬಿಸಲು ಇಟ್ಟ ಪೆಟ್ರೋಲನ್ನೆಲ್ಲ ಟ್ಯಾಂಕಿಗೆ ಸುರಿದು, ಅವನನ್ನು ಮುಂದಿನ ಸೀಟಿಗೆ ಕೂರಿಸಿಕೊಂಡು, ಒಲೆ ಕಟ್ಟಿದ ಮೇಲೆ ಎಂದೂ ಓಡದ ವೇಗದಲ್ಲಿ ಮಳವಳ್ಳಿ ಆಸ್ಪತ್ರೆಗೆ ಓಡಿಸಿದೆ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ಗುಂಡಿ ನೋಡ್ಕಂಡ್ ಓಡ್ಸ್ಲಾ."

ಮಧ್ಯಾಹ್ನದ ಹೊತ್ತಿಗೆ ಮಾಲೀಕರು ಇನ್ನೊಬ್ಬರ ಕಾರಿನಲ್ಲಿ ಬಂದರು. ಜೊತೆಗೆ ಮೋಟಾರು ಇನ್ಸ್‌ಪೆಕ್ಟರು. ಆಸ್ಪತ್ರೆಯ ಜಗಲಿಯ ಮೇಲೆ ನನ್ನನ್ನು ನಿಲ್ಲಿಸಿ ಇನ್ಸ್‌ಪೆಕ್ಟರು ಕೇಳಿದರು:

"ಮುಚ್ಚಳ ತೆಗೆದೋರು ಯಾರು?"

ಯೋಚಿಸಿ ಹೇಳಿದ್ದಾದರೆ ಅದಕ್ಕೊಂದು ಕಾರಣ ಬರೆಯಬಹುದಿತ್ತು. ಯೋಚಿಸಲಿಲ್ಲ. ಕಾದ ಕೊಳವೆ ಮುಟ್ಟಿದ ಕೈ ಹಿಂದಕ್ಕೆ ಬರುವ ಹಾಗೆ ಮಾತು ತಾನೇ ಬಂತು.

"ಅವನೇ ತೆಗೆದ. ಬೇಡ ಅಂದೆ, ಕೇಳಲಿಲ್ಲ."

ಇನ್ಸ್‌ಪೆಕ್ಟರು ಬರೆದುಕೊಂಡರು. ನಾನು ಕೆಳಗೆ ಕನ್ನಡದಲ್ಲಿ ರುಜು ಹಾಕಿದೆ. ಒಲೆಯ ಹಿಂದೆ ನಡೆದದ್ದನ್ನು ಸಂತೆಯ ಜನ ಯಾರೂ ಸರಿಯಾಗಿ ನೋಡಿರಲಿಲ್ಲ. ಕಂಡಕ್ಟರನ್ನು ಕೇಳೋಣವೆಂದರೆ ಅವನ ಬಾಯಿಯ ಸುತ್ತಲೂ ಮುಲಾಮು ಹಚ್ಚಿ ಬಟ್ಟೆ ಕಟ್ಟಿದ್ದರು. ಕೆಲಸವಲ್ಲದ ಕೆಲಸಕ್ಕೆ ಕೈ ಹಾಕಿದ ಅಂತ ಮಾಲೀಕರು ಅವನ ಜಾಗಕ್ಕೆ ಆ ವಾರವೇ ಬೇರೆ ಕಂಡಕ್ಟರನ್ನು ತಂದರು. ಅವನಿಗೆ ಮಕ್ಕಳು ಮೂರು. ನಿಜ ಹೇಳಿದರೆ ನನ್ನ ಲೈಸೆನ್ಸು ಹೋಗುತ್ತದೆ. ಹೇಳದಿದ್ದರೆ ಅವನ ಕೆಲಸ ಹೋಗುತ್ತದೆ, ಹೋಗಿತ್ತು.

ಮುಂದಿನ ದಿನಗಳನ್ನು ಹೇಗೆ ಹೇಳುವುದೋ ತಿಳಿಯದು. ಕೆಲಸ ಬಿಡಲಿಲ್ಲ, ಇನ್ನೂ ಹೆಚ್ಚು ಮಾಡಿದೆ. ಕೈ ತುಂಬ ಕೆಲಸವಿದ್ದರೆ ತಲೆ ಖಾಲಿಯಿರುತ್ತದೆ ಅಂದುಕೊಂಡೆ. ಎರಡೂ ಒಲೆಯ ಮುಚ್ಚಳಕ್ಕೆ ಮೂರು ಮೂರು ಸಲ ಬೆಂಕಿ ತೋರಿಸಿದೆ. ತೋರಿಸಿ ಎರಡು ಹೆಜ್ಜೆ ಹೋಗಿ, ತೋರಿಸಿದೆನೋ ಇಲ್ಲವೋ ಅಂತ ಮತ್ತೆ ಬಂದೆ. ಬಸ್ಸು ದಿನಾ ತಡ. ಹೊಸ ಕಂಡಕ್ಟರು ಒಳ್ಳೆಯವನೇ, ನನಗೆ ಅವನ ಮುಖ ನೋಡಲಾಗುತ್ತಿರಲಿಲ್ಲ.

ಎಂಟು ದಿನಕ್ಕೆ ನಮ್ಮ ಕಂಡಕ್ಟರನ್ನು ಮದ್ದೂರಿನ ಮನೆಗೆ ಕರೆತಂದರು. ಹಿಂದಿನ ಬೀದಿ. ನಾನು ಸುತ್ತುದಾರಿ ಹಿಡಿದು ಮನೆಗೆ ಹೋಗತೊಡಗಿದೆ. ಹೆಂಡತಿ ದಿನಾ ಕೇಳುತ್ತಿದ್ದಳು, ನೋಡಿಕೊಂಡು ಬಂದಿರಾ ಅಂತ. ಹೊತ್ತಾಗಲಿಲ್ಲ ಅನ್ನುತ್ತಿದ್ದೆ. ಕಡೆಗೆ ಅವಳೇ ಹೊರಟಳು. ಬೇಯಿಸಿದ್ದನ್ನು ನಮ್ಮ ಮನೆಯಿಂದ ಅವರ ಮನೆಗೆ ಕೊಡುವ ಹಾಗಿರಲಿಲ್ಲ, ಆ ಕಾಲ ಹಾಗೆ. ಇದ್ದಿಲು ತರುವವನ ಹತ್ತಿರ ಮುತ್ತತ್ತಿ ಕಾಡಿನ ಜೇನುತುಪ್ಪ ತರಿಸಿಟ್ಟಿದ್ದಳು, ಸುಟ್ಟ ಗಾಯಕ್ಕೆ ಹಚ್ಚಲು ಅಂತ. ಅದನ್ನು ತೆಗೆದುಕೊಂಡು ಹೋದಳು.

ಅವಳು ಬಂದಾಗ ನಾನು ಅಂಗಳದಲ್ಲಿ ನಾರು ಹಿಂಡುತ್ತಿದ್ದೆ. ನಮ್ಮ ಮನೆ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಏನಂದ?" ಅಂದೆ.

"ಏನೂ ದೂರಲಿಲ್ಲ. ಅವನ ಹೆಂಡತಿ ಜೇನು ತಗೊಂಡಳು. ಕೂತ್ಕೊ ಅಂದಳು."

"ಅವನು?"

"'ಮಿಸ್ತ್ರಿ ನಿದ್ದೆ ಮಾಡ್ತಾವ್ನಾ ತಂಗಿ?' ಅಂತ ಕೇಳಿದ."

ನಾರಿನ ನೀರು ನನ್ನ ಕಾಲ ಮೇಲೆ ಸುರಿಯುತ್ತಿತ್ತು.

"ನೀನೇನಂದೆ?"

"ಇಲ್ಲ ಅಂದೆ. ಮತ್ತೇನನ್ನಲಿ?" ಆಮೇಲೆ ಅವಳು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಕೇಳಿದಳು. "ಆ ಮುಚ್ಚಳ ತೆಗೆದದ್ದು ಯಾರು?"

ನಾನು ಬಗ್ಗಿ ಮತ್ತೆ ನಾರು ಹಿಂಡಿದೆ. ಅವಳಿಗೆ ಅಷ್ಟು ಸಾಕಾಯಿತು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ನನ್ನ ಕೈಯಿಂದ ನಾರು ಕಿತ್ತುಕೊಂಡು ತಾನೇ ಹಿಂಡಿ ಬಿಸಿಲಿಗೆ ಹರವಿ ಒಳಗೆ ಹೋದಳು. ಅದು ಉರಿ ಹಾರಿದ ಹದಿನೇಳನೇ ದಿನ.

ಮಾರನೇ ದಿನ ಬೆಳಿಗ್ಗೆ ಒಲೆ ಹಚ್ಚಲು ಹೋಗುವ ಬದಲು ಮಾಲೀಕರ ಮನೆಗೆ ಹೋದೆ. ಅವರು ಹಲ್ಲುಜ್ಜುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ತೆಗೆದದ್ದು ನಾನು, ಬೆಂಕಿ ತೋರಿಸಿರಲಿಲ್ಲ, ರುಜು ಹಾಕಿದ್ದು ಸುಳ್ಳು. ಅವರು ಬಾಯಿ ಮುಕ್ಕಳಿಸಿ, ಚೌಕದಲ್ಲಿ ಮುಖ ಒರೆಸಿಕೊಂಡರು.

"ಆಯ್ತು. ನನ್ನ ಹತ್ರ ಹೇಳಿದ್ದಾಯ್ತಲ್ಲ, ಹಗುರಾಯ್ತಲ್ಲ. ಹೋಗಿ ಒಲೆ ಹಚ್ಚು."

"ಅವನ ಕೆಲ್ಸ?"

"ಕಂಡಕ್ಟರು ಹತ್ತು ಜನ ಸಿಗ್ತಾರೆ ಕಣಯ್ಯಾ. ನಿನ್ನಂಥ ಮಿಸ್ತ್ರಿ ಸಿಗಲ್ಲ. ಬರೆದು ಹೋದದ್ದನ್ನ ಮತ್ತೆ ಯಾಕೆ ಕೆದಕ್ತೀಯ?"

ಹಿಂದಾದರೆ ಈ ಮಾತಿಗೆ ಎದೆ ಉಬ್ಬುತ್ತಿತ್ತು. ನಿನ್ನಂಥವನು ಸಿಗಲ್ಲ ಅನ್ನುವ ಮಾತಿಗೋಸ್ಕರ ತಾನೇ ಐದು ತಿಂಗಳು ಎರಡು ಒಲೆ ಹೊತ್ತಿದ್ದು. ಅವತ್ತು ಮಾತ್ರ ಯಾರೋ ಹೆಗಲ ಮೇಲೆ ಮೂರನೇ ಒಲೆ ಇಟ್ಟ ಹಾಗಾಯಿತು.

"ನಾನು ಹಚ್ಚಲ್ಲ ಯಜಮಾನ್ರೆ. ಇನ್ಸ್‌ಪೆಕ್ಟರಿಗೆ ನಿಜ ಬರೆದುಕೊಡ್ತೀನಿ. ಅವನು ಹುಷಾರಾದ ಮೇಲೆ ಕೆಲಸಕ್ಕೆ ಬರಬೇಕು. ಒಂದೊಂದು ಒಲೆಗೆ ಒಬ್ಬೊಬ್ಬ ಆಳು ಬೇಕು. ಇಷ್ಟೂ ಆಗೋವರೆಗೂ ನಾನು ಬೆಂಕಿಕಡ್ಡಿ ಗೀಚಲ್ಲ."

"ಗೀಚಬೇಡ. ನಾವೂ ಅನ್ನ ತಿನ್ನೋರೇ."

ಸ್ಟ್ಯಾಂಡಿಗೆ ಹೋಗಿ ನನ್ನ ಬಸ್ಸಿನ ಎದುರಿನ ಕಲ್ಲಿನ ಮೇಲೆ ಕೂತೆ. ಹಗಲಿನಲ್ಲಿ ಹಾಗೆ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ, ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ತೊಡೆಯ ಕೆಳಗೆ ಇಟ್ಟುಕೊಂಡೆ. ರೈಲು ಬಂತು, ಜನ ಬಂದರು.

"ಏನ್ ಸಾಬ್ರೇ, ಮದ್ವೆ ಗಂಡಿನಂಗೆ ಕೂತಿದ್ದೀರಿ?"

"ಬಸ್ಸು ತಣ್ಣಗದೆ."

"ಬಿಸಿ ಮಾಡೋರು ಯಾರು?"

"ಯಜಮಾನ್ರು ಬತ್ತಾವ್ರೆ ನೋಡಿ."

ಮಾಲೀಕರು ಪಂಚೆ ಎತ್ತಿ ಕಟ್ಟಿ, ಕೊಪ್ಪದ ಡ್ರೈವರನ್ನೂ ಹೊಸ ಕಂಡಕ್ಟರನ್ನೂ ಕರೆದುಕೊಂಡು ಒಲೆಗೆ ಕೈ ಹಾಕಿದರು. ಫ್ಯಾನು ತಿರುಗಿಸಿದರು. ಬೂದಿಬಾಗಿಲು ಹಾಕದೆ ತಿರುಗಿಸಿದರು. ಹೊಗೆ ಬಂದು ಕೆಮ್ಮಿದರು. ನಲ್ಲಿಗೆ ಕಡ್ಡಿ ಹಿಡಿದರೆ ಹಳದಿ, ಮತ್ತೆ ಹಳದಿ. ಜನ ಒಬ್ಬೊಬ್ಬರೇ ಕರಗಿ ನಡೆದೇ ಹೊರಟರು. ಎದ್ದು ಹೋಗಿ ಬಾಗಿಲು ಹಾಕಿಬಿಡಬೇಕು ಅಂತ ನನ್ನ ಮೈಯೆಲ್ಲ ತುಡಿಯಿತು. ತಪ್ಪು ಕೆಲಸ ಕಣ್ಣೆದುರು ನಡೆಯುವಾಗ ಕೂತಿರುವುದು ಕಷ್ಟ. ಕೂತೇ ಇದ್ದೆ. ನಾನಿಲ್ಲದೆ ಬಸ್ಸು ಊರು ದಾಟುವುದಿಲ್ಲ ಅಂತ ಹೇಳಿದ್ದು ನಿಜವೇ ಆಯಿತು. ಅದರಲ್ಲಿ ಖುಷಿ ಮಾತ್ರ ಇರಲಿಲ್ಲ.

ಬಿಸಿಲೇರಿದ ಮೇಲೆ ಮಾಲೀಕರು ಮಸಿ ಮುಖದಲ್ಲಿ ಬಂದು ನನ್ನ ಪಕ್ಕ ಕೂತರು.

"ನಿಜ ಬರೆದುಕೊಟ್ರೆ ಸ್ಟೇರಿಂಗು ಹೋಗ್ತದೆ. ಗೊತ್ತಾ?"

"ಗೊತ್ತು."

"ಆಮೇಲೆ?"

"ಒಲೆ ಆಳು ಬೇಕಲ್ಲ ನಿಮಗೆ. ಒಂದು ಒಲೆಗೆ ನಾನಿದೀನಿ."

ಅವರು ಪಂಚೆಯ ತುದಿಯಲ್ಲಿ ಮುಖದ ಮಸಿ ಒರೆಸಿಕೊಂಡು, "ಹಟಮಾರಿ ಸೂಳೆಮಗನೆ" ಅಂದರು. ಒಪ್ಪಿದರು ಅಂತ ತಿಳಿದುಕೊಂಡೆ.

ನನ್ನ ಲೈಸೆನ್ಸನ್ನು ಇನ್ಸ್‌ಪೆಕ್ಟರು ತೆಗೆದುಕೊಂಡು ಹೋದರು. ಹಿಂತಿರುಗಿ ಬರಲು ಒಂದು ವರ್ಷದ ಮೇಲಾಯಿತು. ಕೊಪ್ಪದ ಡ್ರೈವರು ನನ್ನ ಬಸ್ಸಿಗೆ ಬಂದ, ಆ ಬಸ್ಸಿಗೆ ಮಂಡ್ಯದಿಂದ ಇನ್ನೊಬ್ಬ ಬಂದ. ಕೊಪ್ಪದ ಒಲೆಗೆ ಇದ್ದಿಲು ತರುವವನನ್ನೇ ಸೇರಿಸಿಕೊಂಡೆವು. ಅವನಿಗೆ ಹದಿನೈದು ದಿನ ಪಕ್ಕದಲ್ಲಿ ನಿಂತು ಕಲಿಸಿದೆ. ಕಾಡಿನಲ್ಲಿ ಇದ್ದಿಲು ಸುಟ್ಟವನು, ನನಗಿಂತ ಚೆನ್ನಾಗಿ ಉರಿಯ ಬಣ್ಣ ಗೊತ್ತಿತ್ತು ಅವನಿಗೆ. ಐದು ತಿಂಗಳು ದಿನಾ ನಮ್ಮ ಮುಂದೆಯೇ ಮೂಟೆ ಇಳಿಸಿ ಹೋಗುತ್ತಿದ್ದ ಮನುಷ್ಯ. ನಾನು ಒಂದು ಮಾತು ಕೇಳಿದ್ದರೆ ಅವತ್ತೇ ಬರುತ್ತಿದ್ದ.

ಆರು ವರ್ಷ ಮುಂದೆ ಕೂತವನು ಹಿಂದೆ ಮೆಟ್ಟಿಲ ಮೇಲೆ ನಿಂತು, ಬೂದಿ ಮೈಗೆ ಬಡಿಸಿಕೊಳ್ಳುತ್ತ ಹೋಗುವುದು ಸುಲಭವಲ್ಲ. "ಮಿಸ್ತ್ರಿಗೆ ಹಿಂದಕ್ಕೆ ಬಡ್ತಿ" ಅಂತ ಸೋಮನಹಳ್ಳಿಯವನೊಬ್ಬ ಅಂದ. ಫ್ಯಾನು ತಿರುಗಿಸುತ್ತಲೇ ಇದ್ದೆ. ಆದರೆ ಒಂದೇ ಒಲೆ. ಸಂಜೆ ಅದರ ನಾರು ಒಗೆದರೆ ಕೆಲಸ ಮುಗಿಯಿತು. ಶುಕ್ರವಾರ ಮಧ್ಯಾಹ್ನದ ಸರದಿಗೆ ಇದ್ದಿಲಿನವನು ನನ್ನ ಒಲೆ ನೋಡಿಕೊಳ್ಳುತ್ತಿದ್ದ, ನಾನು ಮಸೀದಿಗೆ ಹೋಗುತ್ತಿದ್ದೆ. ಅವನ ಮನೆದೇವರ ವಾರವಾದ ಸೋಮವಾರ ನಾನು ಅವನದನ್ನು ನೋಡುತ್ತಿದ್ದೆ. ತಲೆನೋವು ಎರಡು ವಾರಕ್ಕೆ ಇಳಿಯಿತು. ನಿದ್ದೆ ಬೇಗ ಬರಲಿಲ್ಲ. ಬಂದಾಗಲೂ ತುಂಡು ತುಂಡು.

ಕಂಡಕ್ಟರು ಎರಡನೇ ತಿಂಗಳಿಗೆ ಕೆಲಸಕ್ಕೆ ಬಂದ. ಅಷ್ಟರಲ್ಲಿ ಎರಡು ಸಲ ಅವನ ಮನೆಗೆ ಹೋಗಿದ್ದೆ. ಎರಡು ಸಲವೂ ಅವನ ಹೆಂಡತಿ, ಮಲಗವ್ರೆ ಅಂದಿದ್ದಳು. ಅವನ ಎಡಗೈಯ ಕಿರುಬೆರಳೂ ಉಂಗುರದ ಬೆರಳೂ ಮಡಿಸಿಕೊಂಡು ಹಾಗೇ ನಿಂತಿದ್ದವು. ಟಿಕೀಟಿನ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಬಲಗೈಯಲ್ಲಿ ಹರಿಯುವುದನ್ನು ಕಲಿತುಕೊಂಡಿದ್ದ. ಮದ್ದೂರಿನಿಂದ ಹೊರಟ ಮೇಲೆ ಅವನು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಚಿಕ್ಕರಸಿನಕೆರೆಯಲ್ಲಿ ನಿಲ್ಲಿಸಿದೆವು. ನಾನು ಇಳಿದು ನೆರಳಿಗೆ ಕೂತೆ. ಜನ ಕೂಗಿದರು, ಕೂತೇ ಇದ್ದೆ. ಹತ್ತು ನಿಮಿಷವಾದ ಮೇಲೆ ಎದ್ದು ಸರಳಿಗೆ ಬಟ್ಟೆ ಸುತ್ತುವಾಗ ಅವನು ಒಲೆಯ ಹತ್ತಿರ ಬಂದ. ಬಲಗೈ ಚಾಚಿದ.

"ಕೊಡಿಲ್ಲಿ. ನಾನ್ ತೋರುಸ್ತೀನಿ."

ಕೊಟ್ಟೆ. ತಿರುಪು ಸಡಿಲಿಸಿ ಮುಚ್ಚಳ ಬೆರಳಗಲ ಸರಿಸಿ ಹಿಂದೆ ನಿಂತೆ. ಅವನು ಬಟ್ಟೆಗೆ ಬೆಂಕಿ ಹಚ್ಚಿ ಸಂದಿಗೆ ತೋರಿಸಿದ. ಭುಸ್ ಅಂದಾಗ ಅವನ ಭುಜ ಕುಗ್ಗಿತು. ಆದರೂ ಉರಿ ನೀಲಿಯಾಗಿ ಅಡಗುವವರೆಗೂ ಅಲ್ಲೇ ನಿಂತ. ಆಮೇಲೆ ಉರಿಯನ್ನೇ ನೋಡುತ್ತ ಹೇಳಿದ:

"ನಿಜ ಯೋಳಾಕೆ ಅದಿನೆಂಟು ದಿನ ಕಣ್ಲಾ."

"ಹೂಂ."

"ನಾನೇ ಬಾಯಿ ಬುಟ್ಟು ಯೋಳ್ಬೋದಿತ್ತು. ಬಟ್ಟೆ ಬಿಚ್ಚಿದ್ ದಿನಾನೇ ಯೋಳ್ಬೋದಿತ್ತು. ನನ್ ಎಂಡ್ರು ಯೋಳು ಯೋಳು ಅಂತಿದ್ಲು. ಅವ್ನೇ ಬಂದು ಯೋಳ್ತಾನೆ ಕಣೆ, ಆರ್ ವರ್ಸ ನೋಡಿವ್ನಿ ಅವುನ್ನ ಅಂತಿದ್ದೆ."

"ಹೇಳ್ದೆ."

"ಯೋಳ್ದೆ. ಅತ್ನೇ ದಿನದ್ ಗಂಟ ನಂಬ್ಕೆ ಇತ್ತು. ಅದಿನೇಳ್ನೇ ದಿನ ನಿನ್ ಎಂಡ್ರು ಬಂದಾಗ ಮುಗ್ದೋಗಿತ್ತು ಕಣ್ಲಾ, ನನ್ಗೆ."

ತಪ್ಪಾಯಿತು ಅನ್ನಬಹುದಿತ್ತು. ಆದರೆ ಅವನು ಕೇಳುತ್ತಿದ್ದುದು ಆ ಮಾತನ್ನಲ್ಲ. ಅವನು ಸರಳನ್ನು ನೆಲಕ್ಕೆ ಉಜ್ಜಿ ಬೆಂಕಿ ಆರಿಸಿ, ನನ್ನ ಕೈಗೆ ವಾಪಸು ಕೊಟ್ಟ.

"ಬೆಂಕಿ ದಿನಾ ನಾನೇ ತೋರುಸ್ತೀನಿ. ಮಂಕರಿ ಎತ್ತಲ್ಲ."

"ಬೇಡ. ನಾನೇ ಎತ್ತ್ಕೋತೀನಿ" ಅಂದೆ.

ಅವನು ಟಿಕೀಟು ಹರಿಯಲು ಮುಂದಕ್ಕೆ ಹೋದ. ನಾನು ಬಗ್ಗಿ ಮಂಕರಿ ಎತ್ತಿದೆ.